ಚೌಕಟ್ಟಿನಿಂದ ಹೊರಗುಳಿದ ಊರು

ಫೆಬ್ರವರಿಯ ಒಂದು ಬೆಳಗ್ಗೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಹುಣಸೆ ಮರವೊಂದರ ಕೆಳಗೆ ನಾವು ಏಳೆಂಟು ಮಂದಿ ಟ್ರೈಪಾಡ್ ಊರಿಕೊಂಡು ನಿಂತಿದ್ದೆವು. ಎಲ್ಲರ ಲೆನ್ಸೂ ಒಂದೇ ಕೊಂಬೆಯ ಕಡೆಗೆ ತಿರುಗಿತ್ತು. ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡ ಹೆಜ್ಜಾರ್ಲೆ ರೆಕ್ಕೆ ಅಗಲಿಸಿ ಗೂಡಿಗೆ ಇಳಿಯುವ ಗಳಿಗೆಗಾಗಿ ಕಾಯುತ್ತಿದ್ದೆವು. ಹಕ್ಕಿ ಬಂತು. ನಾನು ಆಗಷ್ಟೇ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ. ಅಕ್ಕಪಕ್ಕದ ಕ್ಯಾಮೆರಾಗಳೆಲ್ಲ ಟರ್ರೆಂದು ಸದ್ದು ಮಾಡಿ ಸುಮ್ಮನಾದವು. ನಾನು ಬಟನ್ ಒತ್ತುವ ಹೊತ್ತಿಗೆ ಹಕ್ಕಿ ರೆಕ್ಕೆ ಮಡಚಿ ಕೂತಾಗಿತ್ತು. "ಮಿಸ್ ಆಯ್ತಾ ಸಾರ್?" ಎಂದು ಪಕ್ಕದ ಹುಡುಗ ಮರುಕದಿಂದ ಕೇಳಿದ. ನಮ್ಮ ಬೆನ್ನ ಹಿಂದಿನ ಹೆಂಚಿನ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೇಳಿದ್ದು ಬೇರೆ. "ಬರೀ ಕೊಕ್ಕರೇನೇ ತಗೀತೀರಲ್ಲಪ್ಪ, ಅವು ಕೂತಿರೋ ಮನೆ ಬ್ಯಾಡ್ವಾ?"

ಅಂದು ನಮ್ಮಲ್ಲಿ ಯಾರೂ ಆ ಮಾತಿಗೆ ಉತ್ತರ ಕೊಡಲಿಲ್ಲ. ಹುಡುಗನ ಪ್ರಶ್ನೆಗೆ ನಮ್ಮೆಲ್ಲರ ಬಳಿ ಉತ್ತರವಿತ್ತು, ಅಜ್ಜಿಯ ಪ್ರಶ್ನೆಗೆ ಇರಲಿಲ್ಲ. ಫೋಟೊಗ್ರಫಿಯ ಬಗ್ಗೆ ನಾವು ಪ್ರಶ್ನೆಯನ್ನೇ ಮಾಡದೆ ನಂಬಿಕೊಂಡು ಬಂದಿರುವ ಒಂದು ಮಾತನ್ನು ಪರೀಕ್ಷಿಸಬೇಕು ಎಂದು ನನಗೆ ಅನ್ನಿಸಿದ್ದು ಅಲ್ಲಿಂದ.

ಆ ಮಾತು ಇದು: ಚಿತ್ರ ಎಂದರೆ ಕ್ಷಣ. ಆ ಕ್ಷಣಕ್ಕೆ ಕೈ ಚುರುಕಾಗಿದ್ದರೆ ಗೆದ್ದೆ, ಒಂದು ಗಳಿಗೆ ತಡವಾದರೆ ಸೋತೆ. ಕ್ಯಾಮೆರಾ ಹಿಡಿಯಲು ಕಲಿಯುವವರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತಾರೆ. ಕನ್ನಡದಲ್ಲಿ ನಾವು ಬಳಸುವ ಪದವೂ ಅದಕ್ಕೆ ಒಪ್ಪುವಂತೆಯೇ ಇದೆ. ಚಿತ್ರವನ್ನು ನಾವು 'ಸೆರೆ' ಹಿಡಿಯುತ್ತೇವೆ. ಸೆರೆಯಾಗದೆ ಹೋದದ್ದು ತಪ್ಪಿಸಿಕೊಂಡ ಬೇಟೆ. ಪ್ರದರ್ಶನಗಳಲ್ಲಿ, ಸ್ಪರ್ಧೆಗಳಲ್ಲಿ, ಪತ್ರಿಕೆಗಳ ಪುಟಗಳಲ್ಲಿ ಚಿತ್ರವೊಂದನ್ನು ಹೊಗಳುವಾಗ 'ಎಂಥ ಟೈಮಿಂಗ್' ಎನ್ನುವುದಕ್ಕಿಂತ ದೊಡ್ಡ ಮಾತು ನಮ್ಮಲ್ಲಿ ಇಲ್ಲ.

ನನ್ನ ವಾದ ಇದಕ್ಕೆ ವಿರುದ್ಧ. ನಮ್ಮ ಚಿತ್ರಗಳಲ್ಲಿ ನಿಜವಾಗಿ ತಪ್ಪಿಹೋಗುತ್ತಿರುವುದು ಕೈ ತಡವಾದ್ದರಿಂದ ತಪ್ಪಿದ್ದಲ್ಲ. ಏನನ್ನು ನೋಡಬೇಕೆಂದು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿಬಿಟ್ಟಿದ್ದರಿಂದ ಪಕ್ಕದಲ್ಲಿದ್ದದ್ದು ಕಾಣದೆ ಹೋಗಿದೆ. ಮೊದಲನೆಯ ತಪ್ಪಿಗೆ ನಾವು ವರ್ಷಗಟ್ಟಲೆ ಕೊರಗುತ್ತೇವೆ. ಎರಡನೆಯದು ಆಗಿದೆಯೆಂಬುದೇ ನಮಗೆ ಗೊತ್ತಾಗುವುದಿಲ್ಲ.

ಈ ನಂಬಿಕೆಗೆ ಎಲ್ಲರೂ ಸಾಕ್ಷಿಗೆ ಕರೆಯುವುದು ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸ್ಸೊನ್‌ನನ್ನು. 1952ರಲ್ಲಿ ಬಂದ ಅವನ ಪುಸ್ತಕದ ಇಂಗ್ಲಿಷ್ ಹೆಸರು 'ದಿ ಡಿಸೈಸಿವ್ ಮೊಮೆಂಟ್', ಅಂದರೆ ನಿರ್ಣಾಯಕ ಕ್ಷಣ. ಆದರೆ ಆ ಹೆಸರು ಅಮೆರಿಕದ ಪ್ರಕಾಶಕರು ಇಟ್ಟದ್ದು. ಫ್ರೆಂಚ್ ಪುಸ್ತಕದ ಹೆಸರು 'ಇಮಾಜ್ ಆ ಲಾ ಸೋವೆತ್'. ಆ ನುಡಿಗಟ್ಟನ್ನು ಅಲ್ಲಿ ಪರವಾನಗಿ ಇಲ್ಲದ ಬೀದಿ ವ್ಯಾಪಾರಿಗಳ ಬಗ್ಗೆ ಬಳಸುತ್ತಾರೆ, ಪೊಲೀಸರು ಕಂಡೊಡನೆ ಗಂಟು ಕಟ್ಟಿಕೊಂಡು ಓಡಲು ಸಿದ್ಧವಾಗಿಯೇ ಕೂತಿರುವವರ ಬಗ್ಗೆ. ಅವಸರದಲ್ಲಿ, ಕದ್ದುಮುಚ್ಚಿ, ಸಿಕ್ಕಿದ್ದನ್ನು ಬಾಚಿಕೊಂಡ ಚಿತ್ರಗಳು ಎಂಬುದು ಅದರ ಭಾವ. ಅಲ್ಲಿ ನಿರ್ಣಯದ ಗತ್ತು ಇಲ್ಲ. ಇನ್ನು ಆ ಸಿದ್ಧಾಂತಕ್ಕೆ ಉದಾಹರಣೆಯಾಗಿ ಎಲ್ಲರೂ ತೋರಿಸುವ ಚಿತ್ರ, 1932ರಲ್ಲಿ ಪ್ಯಾರಿಸ್ಸಿನ ಸಾಂ ಲಜಾರ್ ರೈಲು ನಿಲ್ದಾಣದ ಹಿಂದೆ ನಿಂತ ನೀರನ್ನು ಹಾರುತ್ತಿರುವ ಮನುಷ್ಯನದು. ರಿಪೇರಿ ಕೆಲಸ ನಡೆಯುತ್ತಿದ್ದ ಜಾಗದ ಸುತ್ತ ಹಲಗೆಯ ಬೇಲಿ ಇತ್ತು. ಹಲಗೆಗಳ ನಡುವಿನ ಸಂದಿಯಲ್ಲಿ ಅವನು ಲೆನ್ಸ್ ತೂರಿಸಿದ್ದ. ಸಂದಿ ಲೆನ್ಸಿನಷ್ಟೂ ಅಗಲ ಇರಲಿಲ್ಲ, ಆದ್ದರಿಂದ ಎಡಗಡೆ ಹಲಗೆ ಬಂದುಬಿಟ್ಟಿತ್ತು, ಅದನ್ನು ಆಮೇಲೆ ಕತ್ತರಿಸಿ ತೆಗೆದರು. ಅವನೇ ಇದನ್ನು ಹೇಳಿಕೊಂಡಿದ್ದಾನೆ, ಅದೃಷ್ಟ ಎಂದೂ ಒಪ್ಪಿದ್ದಾನೆ. ನಿರ್ಣಾಯಕ ಕ್ಷಣದ ಮೂಲಚಿತ್ರವೇ ಅರೆಗುರುಡಾಗಿ ತೆಗೆದದ್ದು ಎಂದ ಮೇಲೆ, ಆ ಹೆಸರಿನಲ್ಲಿ ನಾವು ಮಕ್ಕಳಿಗೆ ಕಲಿಸುತ್ತಿರುವ ಪಾಠ ಬೇರೆಯಾಗಬೇಕಿತ್ತು.

ಕೊಕ್ಕರೆ ಬೆಳ್ಳೂರಿಗೆ ಮರಳುತ್ತೇನೆ. ಈ ವಾದಕ್ಕೆ ಇಡೀ ರಾಜ್ಯದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಒಳಕ್ಕೆ, ಶಿಂಷಾ ನದಿಗೆ ಹತ್ತಿರವಿರುವ ಊರು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಬಂದು, ಗೂಡು ಕಟ್ಟಿ, ಮರಿ ಮಾಡಿ, ಮಳೆ ಹಿಡಿಯುವ ಹೊತ್ತಿಗೆ ಹೊರಡುತ್ತವೆ. ಇಷ್ಟೇ ಆಗಿದ್ದರೆ ರಂಗನತಿಟ್ಟಿನಂತೆ ಇದೂ ಒಂದು ಪಕ್ಷಿಧಾಮ ಎನ್ನಬಹುದಿತ್ತು. ಆದರೆ ಇಲ್ಲಿ ಹಕ್ಕಿಗಳು ಇರುವುದು ಜನರ ಹಿತ್ತಲಿನ, ಬೀದಿಯ, ದೇವಸ್ಥಾನದ ಪಕ್ಕದ ಮರಗಳ ಮೇಲೆ. ಹುಣಸೆ ಮರದ ಮೇಲೆ ಗೂಡಿದ್ದರೆ ಆ ಮರದ ಹಣ್ಣು ಬಡಿಯುವಂತಿಲ್ಲ. ಹಾಗೆ ಫಸಲು ಬಿಟ್ಟುಕೊಟ್ಟ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ. ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡು ಹೊಲಕ್ಕೆ ಹಾಕುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಈ ಹಕ್ಕಿಗಳನ್ನು ಊರವರು ಕರೆಯುತ್ತಾರೆ. ಹಿಂದೆ ಪ್ಲೇಗ್ ಬಂದು ಊರು ಶಿಂಷಾ ದಡ ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. 1970ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಮೈಸೂರಿನ ಕೆ. ಮನು ಅವರು ಊರಿನ ಹುಡುಗರ ಜೊತೆ ಸೇರಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಮತ್ತೆ ಹಾರಲು ಬಿಡುವ ಕೆಲಸ ಮಾಡಿದರು. ಅದರಿಂದಲೇ 'ಹೆಜ್ಜಾರ್ಲೆ ಬಳಗ' ಹುಟ್ಟಿತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಊರೇ ಕಾಯುವ ಜಾಗ ಎಂಬುದನ್ನು ಆ ಹೆಸರೇ ಹೇಳುತ್ತದೆ.

ಈಗ ಈ ಊರಿನಿಂದ ಹೊರಗೆ ಹೋಗುವ ಚಿತ್ರಗಳನ್ನು ನೋಡಿ. ಇಳಿಯುವ ಹೆಜ್ಜಾರ್ಲೆ. ಕಡ್ಡಿ ಕಚ್ಚಿದ ಹೆಜ್ಜಾರ್ಲೆ. ಮರಿಗೆ ಗುಟುಕು ಕೊಡುವ ಕೊಕ್ಕರೆ. ಹಿಂದೆ ನೀಲಿ ಆಕಾಶ, ಇಲ್ಲವೇ ಮಸುಕಾದ ಹಸಿರು. ಹೆಂಚಿಲ್ಲ, ಗೋಡೆಯಿಲ್ಲ, ಕರೆಂಟು ತಂತಿಯಿಲ್ಲ, ಜಗಲಿಯ ಮೇಲೆ ಅಜ್ಜಿಯಿಲ್ಲ. ಅದನ್ನು ಅಸ್ಸಾಂನಲ್ಲಿ ತೆಗೆದದ್ದು ಎಂದರೂ ನಂಬಬಹುದು, ಶ್ರೀಲಂಕಾದಲ್ಲಿ ಎಂದರೂ ನಂಬಬಹುದು. ಕೊಕ್ಕರೆ ಬೆಳ್ಳೂರಿನ ನಿಜವಾದ ವಿಶೇಷ, ಮನುಷ್ಯರೂ ಹಕ್ಕಿಗಳೂ ಒಂದೇ ಸೂರಿನ ಮೇಲೆ ಕೆಳಗೆ ಬದುಕುತ್ತಿರುವುದು, ಚೌಕಟ್ಟಿನಿಂದ ಆಚೆ ಉಳಿಯಿತು. ನೂರು ಮೈಲಿ ಓಡಾಡಿ, ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಹೊತ್ತು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಂದವರು ನೋಡಲೇಬೇಕಾದದ್ದನ್ನೇ ನೋಡದೆ ಹಿಂದಿರುಗುತ್ತಾರೆ. ಇದಕ್ಕಿಂತ ದೊಡ್ಡ 'ಮಿಸ್' ಇನ್ನೊಂದಿಲ್ಲ.

ಸ್ಪರ್ಧೆಯ ನಿಯಮ ಹಾಗಿದೆ, ನೇಚರ್ ವಿಭಾಗದಲ್ಲಿ ಮನುಷ್ಯನ ಗುರುತು ಇರಬಾರದು ಎಂದು ಗೆಳೆಯರು ಹೇಳುತ್ತಾರೆ. ಅದು ಅರ್ಧ ಸತ್ಯ. ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಕೂಡಿ ಒಪ್ಪಿದ ವ್ಯಾಖ್ಯೆಯನ್ನು ಪೂರ್ತಿ ಓದಿದರೆ ಅಲ್ಲೊಂದು ವಿನಾಯಿತಿ ಇದೆ. ಮನುಷ್ಯ ಕಟ್ಟಿಕೊಂಡ ಪರಿಸರಕ್ಕೆ ಒಗ್ಗಿಕೊಂಡ ಜೀವಿಗಳ ಕಥೆ ಹೇಳುವಾಗ ಮನುಷ್ಯನ ಗುರುತು ಇರಬಹುದು. ಅದಕ್ಕೆ ಅವರು ಕೊಟ್ಟಿದ್ದ ಉದಾಹರಣೆ ಎರಡೇ: ಕಣಜದ ಗೂಬೆ ಮತ್ತು ಕೊಕ್ಕರೆ. ಹೌದು, ಕೊಕ್ಕರೆ. ನಿಯಮ ಬರೆದವರು ನಮ್ಮ ಮದ್ದೂರಿನ ಊರನ್ನು ಕಂಡಿರಲಾರರು, ಆದರೂ ಬಾಗಿಲು ತೆರೆದಿಟ್ಟಿದ್ದಾರೆ. ಆ ಬಾಗಿಲನ್ನು ಮುಚ್ಚಿಕೊಂಡವರು ನಾವೇ. ಬೇರೆ ಯಾರೋ ಗೆದ್ದ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು, ಅದನ್ನೇ ಮತ್ತೆ ತೆಗೆಯಲು ಹೊರಡುವ ನಾವು.

ಅಂದು ಅಜ್ಜಿಯ ಮಾತಿಗೆ ನಾಚಿ ನಾನು ಹಿಂದಕ್ಕೆ ತಿರುಗಿದ್ದೆ. ಲೆನ್ಸ್ ಬದಲಿಸಿ ಒಂದು ಚಿತ್ರ ತೆಗೆದೆ. ಹಿಕ್ಕೆಯಿಂದ ಬೆಳ್ಳಗಾದ ಹೆಂಚು, ಅದರ ಕೆಳಗೆ ಮೊರ ಹಿಡಿದ ಅಜ್ಜಿ. ಬಟನ್ ಒತ್ತುವಾಗ ನಾನು ಕಾಣದೆ ಇದ್ದ ಒಂದು ಹೆಜ್ಜಾರ್ಲೆ ಮೇಲಿಂದ ಹಾದುಹೋಯಿತು. ಚಿತ್ರದಲ್ಲಿ ಅದರ ಒಂದು ರೆಕ್ಕೆಯ ತುದಿ ಮಾತ್ರ ಮೂಲೆಯಲ್ಲಿದೆ, ನೆರಳು ಇಡಿಯಾಗಿ ಹೆಂಚಿನ ಮೇಲೆ ಬಿದ್ದಿದೆ, ಅಜ್ಜಿ ತಲೆ ಎತ್ತಿಲ್ಲ. ದಿನಕ್ಕೆ ನೂರು ಸಲ ಬೀಳುವ ನೆರಳಿಗೆ ಯಾರು ತಲೆ ಎತ್ತುತ್ತಾರೆ? ಹಕ್ಕಿಯೂ ಮನುಷ್ಯರೂ ಒಬ್ಬರಿಗೊಬ್ಬರು ಒಗ್ಗಿಹೋದದ್ದನ್ನು ಹೇಳಲು ಆ ತಲೆ ಎತ್ತದ ಭಂಗಿಗಿಂತ ಹೆಚ್ಚಿನದೇನೂ ಬೇಕಿರಲಿಲ್ಲ. ಅದು ನಾನು ಯೋಚಿಸಿ ತೆಗೆದದ್ದಲ್ಲ, ಯೋಚಿಸಿ ತೆಗೆಯಲು ಆಗುವಂಥದ್ದೂ ಅಲ್ಲ. ಒಂದು ಸ್ಪರ್ಧೆಗೆ ಕಳಿಸಿದಾಗ, ಹಕ್ಕಿ ಕತ್ತರಿಸಿಹೋಗಿದೆ, ಹಿನ್ನೆಲೆ ಸ್ವಚ್ಛವಾಗಿಲ್ಲ ಎಂಬ ಟಿಪ್ಪಣಿಯೊಂದಿಗೆ ವಾಪಸಾಯಿತು. ಚಿತ್ರ ವಾಪಸಾದದ್ದಕ್ಕೆ ನನಗೆ ದುಃಖವಿಲ್ಲ. ಒಂದು ಊರನ್ನು 'ಹಿನ್ನೆಲೆ' ಎಂದು ಕರೆದದ್ದಕ್ಕೆ ಇದೆ.

ಇನ್ನೂ ಒಂದು ಮಾತು ಇಲ್ಲೇ ಹೇಳಬೇಕು. 2017ರ ಕೊನೆ ಮತ್ತು 2018ರ ಮೊದಲ ತಿಂಗಳುಗಳಲ್ಲಿ ಈ ಊರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಮರದಿಂದ ಬಿದ್ದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು ಸೇರಿದ್ದೇ ಕಾರಣ ಎಂದು ಪರೀಕ್ಷೆಯಲ್ಲಿ ಕಂಡುಬಂತು. ಊರವರಿಗೆ ಅದು ಮನೆಯ ಸಾವಿನಂತೆ ಇತ್ತು. ಇಳಿಯುವ ಹಕ್ಕಿಯ ಸಾವಿರಾರು ಚಿತ್ರಗಳ ನಡುವೆ, ಸೊರಗಿ ಕೊಂಬೆ ಹಿಡಿಯಲಾರದೆ ಕೂತ ಹಕ್ಕಿಯ ಚಿತ್ರ ಎಷ್ಟು ಜನರ ಬಳಿ ಇದೆ? ಅಂಥದ್ದು ಕಣ್ಣಿಗೆ ಬಿದ್ದಾಗ ನಾವು ಕ್ಯಾಮೆರಾ ಕೆಳಗಿಳಿಸಿ ಚಂದದ ಹಕ್ಕಿಗೆ ಕಾಯುತ್ತೇವೆ. ಅಲ್ಲಿ ಕೈ ತಡವಾದದ್ದೇನೂ ಇಲ್ಲ.

ಕ್ಷಣ ತಪ್ಪಿದರೆ ಎಲ್ಲ ತಪ್ಪಿತು ಎನ್ನುವವರು ಗಾಂಧೀಜಿಯವರ ಹತ್ಯೆಯಾದ 1948ರ ಜನವರಿ 30ನ್ನು ನೆನೆಯಬೇಕು. ಅಂದು ದೆಹಲಿಯಲ್ಲಿ ಜಗತ್ತಿನ ದೊಡ್ಡ ಛಾಯಾಗ್ರಾಹಕರಲ್ಲಿ ಮೂವರಿದ್ದರು. ಅಮೆರಿಕದ ಮಾರ್ಗರೆಟ್ ಬರ್ಕ್‌ವೈಟ್ ಕೆಲವೇ ಗಂಟೆಗಳ ಮೊದಲು ಗಾಂಧೀಜಿಯವರನ್ನು ಸಂದರ್ಶಿಸಿ ಬಂದಿದ್ದರು. ಕಾರ್ತಿಯೆ ಬ್ರೆಸ್ಸೊನ್ ಅದೇ ದಿನ ಬಿರ್ಲಾ ಭವನಕ್ಕೆ ಹೋಗಿ, ತನ್ನ ಚಿತ್ರಗಳ ಪುಸ್ತಕವನ್ನು ಗಾಂಧೀಜಿಗೆ ತೋರಿಸಿ ಹೊರಬಂದಿದ್ದ. ನಮ್ಮ ಹೋಮಾಯ್ ವ್ಯಾರಾವಾಲಾ ಅಲ್ಲಿಗೆ ಹೊರಟಿದ್ದವರು, ಮರುದಿನ ಒಟ್ಟಿಗೆ ಹೋಗೋಣ ಎಂದು ಪತಿ ಕರೆದದ್ದರಿಂದ ಹಿಂದಿರುಗಿದ್ದರು. ಆ ನೋವನ್ನು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಮೂವರ ಬಳಿಯೂ ಗುಂಡು ಹಾರಿದ ಗಳಿಗೆಯ ಚಿತ್ರ ಇಲ್ಲ. 'ನಿರ್ಣಾಯಕ ಕ್ಷಣ' ಎಂದು ಯಾವುದನ್ನಾದರೂ ಕರೆಯಬಹುದಾದರೆ ಅದನ್ನೇ ಕರೆಯಬೇಕು, ಅದು ಆ ಹೆಸರಿನ ಗುರುವಿನ ಕೈಯನ್ನೇ ತಪ್ಪಿಸಿಕೊಂಡಿತು. ಆದರೆ ಆ ಸಂಜೆ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಜನರಿಗೆ ಸಾವಿನ ಸುದ್ದಿ ಹೇಳುತ್ತಿರುವ ಅವನ ಚಿತ್ರವನ್ನು ನೋಡಿ. ಕತ್ತಲು, ಒಂದು ದೀಪದ ಮಸುಕಾದ ಬೆಳಕು, ಅಲುಗಿದ ಮುಖಗಳು. ಸಾವನ್ನು ತೋರಿಸಿದ್ದರೆ ಅದು ಪೊಲೀಸ್ ಕಡತಕ್ಕೆ ಸಲ್ಲುವ ಸಾಕ್ಷಿಯಾಗುತ್ತಿತ್ತು. ಈ ಚಿತ್ರದಲ್ಲಿ ಒಂದು ದೇಶ ಅನಾಥವಾದದ್ದು ಕಾಣುತ್ತದೆ. ಮೂವರೂ ಆಮೇಲೆ ಅಲ್ಲಿದ್ದರು, ಅಂತ್ಯಕ್ರಿಯೆಯವರೆಗೂ ಇದ್ದರು. ಚಿತ್ರ ಹುಟ್ಟಿದ್ದು ಹಾಗೆ ಅಲ್ಲೇ ಉಳಿದದ್ದರಿಂದ.

ದೊಡ್ಡವರ ಮಾತು ಬಿಟ್ಟು ನಮ್ಮ ಮನೆಯ ಮಾತಿಗೆ ಬರುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ಮಳವಳ್ಳಿಯ ಛತ್ರವೊಂದರಲ್ಲಿ ನನ್ನ ಚಿಕ್ಕಮ್ಮನ ಮದುವೆ ನಡೆಯಿತು. ಆಗ ಮದುವೆಗೆ ಮೂರು ರೋಲ್ ಎಂದರೆ ಸ್ಥಿತಿವಂತರ ಮದುವೆ; ಒಂದು ರೋಲಿಗೆ 36 ಚಿತ್ರ. ಗಟ್ಟಿಮೇಳ ಮೊಳಗಿ ಚಿಕ್ಕಪ್ಪ ತಾಳಿ ಕಟ್ಟುವಾಗ ಫ್ಲ್ಯಾಶ್ ಚಾರ್ಜ್ ಆಗಿರಲಿಲ್ಲ. ಫೋಟೊದವರು ಮುಂದೆ ಬಂದು, "ತಡೀರಪ್ಪ, ಇನ್ನೊಂದ್ಸಲ ಹಂಗೇ ಕೈ ಇಟ್ಕಳಿ, ಇತ್ಲಾಗ್ ನೋಡಿ" ಎಂದರು. ಚಿಕ್ಕಪ್ಪ ಮತ್ತೆ ತಾಳಿಯ ದಾರ ಹಿಡಿದು ಕ್ಯಾಮೆರಾ ನೋಡಿದರು. ಆಲ್ಬಮ್ಮಿನಲ್ಲಿ ಇರುವ ಮಾಂಗಲ್ಯಧಾರಣೆ ಅದೇ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಅದನ್ನು ಹತ್ತಿರದಿಂದ ನೋಡಿದೆ. ತಾಳಿ ಇನ್ನೂ ಕಟ್ಟುತ್ತಿರುವ ಹಾಗಿದೆ, ಆದರೆ ಚಿಕ್ಕಮ್ಮನ ಮುಡಿಯಲ್ಲಿ, ಚಿಕ್ಕಪ್ಪನ ಭುಜದ ಮೇಲೆ, ಬಾಸಿಂಗದ ಸಂದಿಯಲ್ಲಿ ಅಕ್ಷತೆ ಕಾಳು ಕೂತಿದೆ. ಅಕ್ಷತೆ ಬಿದ್ದ ಮೇಲೆ ತೆಗೆದದ್ದು ಎಂದು ಚಿತ್ರ ತಾನೇ ಹೇಳುತ್ತಿದೆ. ಫೋಟೊದವರಿಗೆ ಕಾಣದ ಆ ಅಕ್ಕಿಕಾಳು, ಮತ್ತೆ ಕಟ್ಟಿಸಿದ ಕ್ಷಣದ ಪಕ್ಕದಲ್ಲಿ ನಿಜವಾಗಿ ನಡೆದದ್ದನ್ನು ಉಳಿಸಿದೆ. ಈಗ ಆ ಚಿತ್ರದಲ್ಲಿ ನಾನು ನೋಡುವುದು ಅದನ್ನೇ.

ಅದೇ ಮದುವೆಯ ಇನ್ನೊಂದು ಚಿತ್ರ ಆಲ್ಬಮ್ಮಿನಲ್ಲಿ ಇರಲಿಲ್ಲ. ನೆಗೆಟಿವ್ ಕವರಿನಲ್ಲಿ ಸಿಕ್ಕಿತು. ರೋಲಿನ ಕೊನೆಯಲ್ಲಿ, ಎಣಿಕೆ ಮುಗಿದ ಮೇಲೂ ಒಂದು ಉಳಿದಿರಬಹುದೆಂದು ಒತ್ತಿದ ಚಿತ್ರ. ಅರ್ಧ ಬಿದ್ದಿದೆ, ಉಳಿದರ್ಧ ಬೆಳಕು ಹೊಕ್ಕು ಸುಟ್ಟುಹೋಗಿದೆ. ಬಿದ್ದ ಅರ್ಧದ ಅಂಚಿನಲ್ಲಿ, ಛತ್ರದ ಕಂಬಕ್ಕೆ ಒರಗಿ, ತಾತ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಾರೆ. ಯಾರಿಗೂ ಗೊತ್ತಾಗಬಾರದೆಂದು ಬೆನ್ನು ಅರ್ಧ ತಿರುಗಿಸಿದ್ದಾರೆ. ತಾತ ಅತ್ತದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಸ್ಟುಡಿಯೊದವರು ಅದನ್ನು ಕೆಟ್ಟ ಫ್ರೇಮ್ ಎಂದು ಪ್ರಿಂಟ್ ಹಾಕದೆ ಬಿಟ್ಟಿದ್ದರು. ಅವರ ತಪ್ಪಿಲ್ಲ, ಆ ದಿನಗಳಲ್ಲಿ ನಾವೂ ದುಡ್ಡು ಕೊಟ್ಟು ಅದನ್ನು ಕೊಳ್ಳುತ್ತಿರಲಿಲ್ಲ. ಚಿಕ್ಕಮ್ಮ ಈಗ ಅದೊಂದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಕೊಂಡಿದ್ದಾರೆ, ಸುಟ್ಟ ಅರ್ಧವನ್ನೂ ಕತ್ತರಿಸದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು, ಅದು ಬಲವಾದ ಆಕ್ಷೇಪ. ಹಾಗಾದರೆ ಕಲಿಕೆ, ತಾಳ್ಮೆ, ಕೈಚಳಕ ಎಲ್ಲ ವ್ಯರ್ಥವೇ? ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್ ಅವರಂಥವರು, ಎಂ.ವೈ. ಘೋರ್ಪಡೆಯವರಂಥವರು ಫಿಲ್ಮ್ ಕಾಲದಲ್ಲಿ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂತು ತೆಗೆದ ಚಿತ್ರಗಳಿಗೆ ಬೆಲೆ ಇಲ್ಲವೇ? ಇದೆ, ಬಹಳ ಇದೆ. ಆದರೆ ಆ ತಲೆಮಾರಿನವರ ಕಾಯುವಿಕೆಗೂ ನಮ್ಮ ಕಾಯುವಿಕೆಗೂ ವ್ಯತ್ಯಾಸವಿದೆ. ಅವರು ಪ್ರಾಣಿಯ ನಡೆ ತಿಳಿಯಲು ಕಾದರು, ಚಿತ್ರ ಆ ತಿಳಿವಳಿಕೆಯಿಂದ ಬಂತು. ನಾವು ತಿಳಿದ ಚಿತ್ರಕ್ಕೆ ಪ್ರಾಣಿ ಬಂದು ಕೂರಲಿ ಎಂದು ಕಾಯುತ್ತೇವೆ. ಅಂತೆಯೇ, ಅಲುಗಿದ್ದೆಲ್ಲ ಕಲೆ, ಕತ್ತರಿಸಿದ್ದೆಲ್ಲ ಆಳ ಎಂಬ ಈಚಿನ ಒಲವನ್ನೂ ನಾನು ಒಪ್ಪುವುದಿಲ್ಲ. ತಪ್ಪಿದ ನೂರು ಚಿತ್ರಗಳಲ್ಲಿ ತೊಂಬತ್ತೆಂಟು ಬರೀ ತಪ್ಪಿದ ಚಿತ್ರಗಳೇ. ಉಳಿದ ಎರಡನ್ನು ಗುರುತಿಸಲು ಬೇಕಾದ ಕಣ್ಣನ್ನು ನಾವು ಬೆಳೆಸುತ್ತಿಲ್ಲ ಎಂಬುದಷ್ಟೇ ನನ್ನ ದೂರು.

ಯಂತ್ರ ಆ ಕಣ್ಣನ್ನು ಕೊಡಲಾರದು. ಈಗ ಸೆಕೆಂಡಿಗೆ 20, 30 ಚಿತ್ರ ತೆಗೆಯುವ ಕ್ಯಾಮೆರಾಗಳಿವೆ. 2016ರಲ್ಲಿ ಒಲಿಂಪಸ್ ತಂದ ಕ್ಯಾಮೆರಾ ಒಂದರಲ್ಲಿ ಬಟನ್ ಅರ್ಧ ಒತ್ತಿ ಹಿಡಿದಿದ್ದರೆ ಸಾಕು, ಪೂರ್ತಿ ಒತ್ತುವ ಮೊದಲಿನ ಚಿತ್ರಗಳೂ ದಾಖಲಾಗುತ್ತವೆ. ಈಗ ಬೇರೆ ಕಂಪನಿಗಳೂ ಅದನ್ನು ಕೊಡುತ್ತಿವೆ. ಕೈ ತಡವಾಗುವುದು ಎಂಬ ಸಮಸ್ಯೆಯೇ ಬಹುಮಟ್ಟಿಗೆ ಮುಗಿದುಹೋಗಿದೆ. ಕ್ಷಣ ತಪ್ಪುವುದೇ ಫೋಟೊಗ್ರಫಿಯ ದೊಡ್ಡ ನಷ್ಟ ಎಂಬುದು ನಿಜವಾಗಿದ್ದರೆ, ಇಷ್ಟು ಹೊತ್ತಿಗೆ ನಮ್ಮ ಪ್ರದರ್ಶನದ ಗೋಡೆಗಳು ಹಿಂದೆಂದೂ ಕಾಣದ ಚಿತ್ರಗಳಿಂದ ತುಂಬಿರಬೇಕಿತ್ತು. ಆದದ್ದು ಅದೇ ಹೆಜ್ಜಾರ್ಲೆ, ಅದೇ ಇಳಿತ, ರೆಕ್ಕೆಯ ಗರಿ ಮೊದಲಿಗಿಂತ ಸ್ಪಷ್ಟ. ಅಂದು ನನ್ನ ಪಕ್ಕದ ಹುಡುಗ ಆ ಒಂದು ಬೆಳಗ್ಗೆಯೇ ಎರಡು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದಿದ್ದ. ಒಂದರಲ್ಲಿಯೂ ಮನೆ ಇರಲಿಲ್ಲ.

ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯ ವಿಷಯವೂ ಹೀಗೆಯೇ. ಮಳೆಗಾಲದಲ್ಲಿ ಕನ್ನಂಬಾಡಿಯ ಬಾಗಿಲು ತೆರೆದರು, ಕಬಿನಿಯಿಂದಲೂ ನೀರು ಬಿಟ್ಟರು ಎಂಬ ಸುದ್ದಿ ಬಂದೊಡನೆ ವೀಕ್ಷಣೆಯ ಕಟ್ಟೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲರೂ ಒಂದೇ ಜಾಗದಲ್ಲಿ ನಿಂತು ಒಂದೇ ಚಿತ್ರ ತೆಗೆದು ಹೋಗುತ್ತಾರೆ. ಬೇಸಗೆಯಲ್ಲಿ ಅಲ್ಲಿ ನೀರು ನೂಲಿನಷ್ಟು, ಬಂಡೆಯೇ ಬಂಡೆ. ಆಗ ಬಂದವರು 'ಏನೂ ಇಲ್ಲ' ಎಂದು ಕಾರು ತಿರುಗಿಸುತ್ತಾರೆ. ಏನೂ ಇಲ್ಲವೇ? ಆ ನೀರು ಎಲ್ಲಿ ಹೋಯಿತು ಎಂಬುದು ಈ ಜಾಗದ ಕಥೆ. 1902ರಲ್ಲಿ ಇಲ್ಲಿ, ಬ್ಲಫ್ ಎಂಬ ಜಾಗದಲ್ಲಿ, ಕಾವೇರಿಯನ್ನು ಕೊಳವೆಗೆ ತಿರುಗಿಸಿ ವಿದ್ಯುತ್ ತೆಗೆದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಬೇಸಗೆಯ ಬತ್ತಿದ ಜಲಪಾತ ಆ ನೂರಿಪ್ಪತ್ತು ವರ್ಷಗಳನ್ನು ಮೈಮೇಲೆ ಹೊತ್ತು ನಿಂತಿರುತ್ತದೆ. ನೀರು ಉಜ್ಜಿ ಉಜ್ಜಿ ಕೊರೆದ ಬಂಡೆಯ ಗುಳಿಗಳು ಆಗ ಮಾತ್ರ ಕಾಣುತ್ತವೆ. ತುಂಬಿದ ಜಲಪಾತದ ಲಕ್ಷ ಚಿತ್ರಗಳ ಜೊತೆ ಬತ್ತಿದ್ದರದು ಹತ್ತಾದರೂ ಇರಬೇಡವೇ?

ಮಂಡ್ಯದ ಬಗ್ಗೆ ನಾಡಿನ ಕಣ್ಣಲ್ಲಿ ಉಳಿದಿರುವ ಚಿತ್ರವೂ ಇದೇ ಬಗೆಯದು. 2016ರ ಸೆಪ್ಟೆಂಬರ್ 5ರಂದು, ಹತ್ತು ದಿನಗಳ ಕಾಲ 15,000 ಕ್ಯೂಸೆಕ್‌ನಂತೆ ಕಾವೇರಿ ನೀರನ್ನು ತಮಿಳುನಾಡಿಗೆ ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮಂಡ್ಯ ಎಂದರೆ ಉರಿಯುವ ಟೈರು, ಸಂಜಯ ವೃತ್ತ, ಹೆದ್ದಾರಿಯಲ್ಲಿ ಅಡ್ಡ ಮಲಗಿದ ರೈತ. ಅವು ಸುಳ್ಳಲ್ಲ. ಆ ಸಿಟ್ಟು ನಿಜ, ಕಾವೇರಿ ಹೋರಾಟಗಾರ ಜಿ. ಮಾದೇಗೌಡರಂಥವರು ಇಳಿವಯಸ್ಸಿನಲ್ಲೂ ಬೀದಿಗೆ ಬಂದು ಕೂತದ್ದು ನಿಜ. ಆದರೆ ಟೈರಿಗೆ ಬೆಂಕಿ ಹಚ್ಚುವವರೂ ಕ್ಯಾಮೆರಾ ಬರಲಿ ಎಂದು ಕಾಯುತ್ತಾರೆ, ಕ್ಯಾಮೆರಾದವರೂ ಬೆಂಕಿ ಏಳಲಿ ಎಂದು ಕಾಯುತ್ತಾರೆ. ಇಬ್ಬರಿಗೂ ಬೇಕಾದ ಗಳಿಗೆ ಸಿಕ್ಕಿದ ಮೇಲೆ ಎಲ್ಲರೂ ಮನೆಗೆ. ಅದೇ ದಿನಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಒಟ್ಲು ಹಾಕಿ ನೀರಿಗಾಗಿ ಕಾದು ಕೂತವರ ಗದ್ದೆಯ ಚಿತ್ರ ಎಲ್ಲಿದೆ? ಒಣಗುವುದಕ್ಕೆ ಕ್ಷಣ ಎಂಬುದಿಲ್ಲ. ಅದು ವಾರಗಟ್ಟಲೆ ನಡೆಯುತ್ತದೆ. ಯಾವ ವೇಗದ ಕ್ಯಾಮೆರಾವೂ ಅದನ್ನು ಹಿಡಿಯದು, ಮತ್ತೆ ಮತ್ತೆ ಹೋಗಿ ನಿಂತವರಿಗೆ ಮಾತ್ರ ಕಾಣುತ್ತದೆ. ಅದು ಹೊರಗೆ ಉಳಿದದ್ದರಿಂದ ಮಂಡ್ಯದವರೆಂದರೆ ಬೆಂಕಿ ಹಚ್ಚುವವರು ಎಂಬ ಭಾವ ಹೊರಗಿನವರಲ್ಲಿ ಕೂತುಬಿಟ್ಟಿದೆ. ತಪ್ಪಿಹೋದ ಚಿತ್ರದ ಬೆಲೆಯನ್ನು ಕೊಡುತ್ತಿರುವುದು ಒಂದು ಇಡೀ ಜಿಲ್ಲೆ.

ಆದ್ದರಿಂದ ಸ್ಪರ್ಧೆ ನಡೆಸುವ ಸಂಘಗಳಿಗೂ ತೀರ್ಪುಗಾರರಿಗೂ ನನ್ನದೊಂದು ಬೇಡಿಕೆ. ಮುಂದಿನ ಸಲ ಕೊಕ್ಕರೆ ಬೆಳ್ಳೂರಿನ ಚಿತ್ರ ನಿಮ್ಮ ಮುಂದೆ ಬಂದಾಗ ಟೈಮಿಂಗ್ ನೋಡುವ ಮೊದಲು, ಇದು ಕೊಕ್ಕರೆ ಬೆಳ್ಳೂರು ಎಂದು ಚಿತ್ರ ಎಲ್ಲಿ ಹೇಳುತ್ತಿದೆ ಎಂದು ಕೇಳಿ. ಹೇಳದಿದ್ದರೆ ಅಂಕ ಕಡಿಮೆ ಮಾಡಿ.

ಓದುಗರಿಗೆ ಹೇಳುವುದು ಇನ್ನೂ ತುರ್ತಿನ ಮಾತು. ಮಂಡ್ಯ, ಮದ್ದೂರು, ಮಳವಳ್ಳಿಯ ಪೇಟೆಬೀದಿಗಳಲ್ಲಿ ಫಿಲ್ಮ್ ಕಾಲದ ಸ್ಟುಡಿಯೊಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಜಾಗ ಖಾಲಿ ಮಾಡುವಾಗ ಮೊದಲು ಗುಜರಿಗೆ ಹೋಗುವುದು ನೆಗೆಟಿವ್ ಪೆಟ್ಟಿಗೆ. ಆಲ್ಬಮ್ಮಿಗೆ ಆಯ್ದ ಚಿತ್ರಗಳು ನಿಮ್ಮ ಮನೆಯಲ್ಲಿ ಇವೆ. ಆಯದೆ ಬಿಟ್ಟವು, ಕಣ್ಣು ಮುಚ್ಚಿದವು, ಅಲುಗಿದವು, ಅರ್ಧ ಸುಟ್ಟವು ಆ ಪೆಟ್ಟಿಗೆಯಲ್ಲಿವೆ. ನಿಮ್ಮ ಮನೆಯ ಮದುವೆಗೆ ಬಂದಿದ್ದ ಫೋಟೊದವರು ಈಗಲೂ ಇದ್ದರೆ, ಈ ವಾರವೇ ಹೋಗಿ ಕೇಳಿ.